ಪುಟ್ಟಿಯ ಪ್ರಬಂಧಕ್ಕಾಗಿ ಒಂದು ಪ್ರಯಾಣ

ರಾತ್ರಿ ಊಟವಾದ ಮೇಲೆ ಅಜ್ಜಿಗೆ ಯಾರಾದರೊಬ್ಬರು ಏನನ್ನಾದರೂ ಓದಿ ಹೇಳಬೇಕು. ಇದು ಎರಡು ವರ್ಷದಿಂದ ನಮ್ಮ ಮನೆಯ ಪದ್ಧತಿ. ಅಜ್ಜಿ ಎಂದರೆ ನನ್ನ ಹೆಂಡತಿ. ಮೊದಲು ಈ ವಾರಪತ್ರಿಕೆ ಬಾಗಿಲಿಗೆ ಬಿದ್ದ ಕೂಡಲೇ ಎತ್ತಿಕೊಂಡು, ಅವಳು ಓದಿ ಮುಗಿಸಿದ ಮೇಲೆಯೇ ನಮಗೆ ಕೊಡುತ್ತಿದ್ದಳು. ಸಕ್ಕರೆ ಕಾಯಿಲೆಯಿಂದ ಈಗ ಅವಳ ಕಣ್ಣು ಮಂಜಾಗಿದೆ. ಮುಖ ಗುರುತು ಸಿಗುತ್ತದೆ, ಅಕ್ಷರ ಸಿಗುವುದಿಲ್ಲ.

ಆ ರಾತ್ರಿ ಓದುವ ಸರದಿ ಮೊಮ್ಮಗಳದು. ಆರನೇ ತರಗತಿ. ಮನೆಯಲ್ಲಿ ಎಲ್ಲರೂ ಪುಟ್ಟಿ ಎಂದು ಕರೆಯುತ್ತೇವೆ. ಶಾಲೆಯಲ್ಲಿ ‘ನಾನು ಮಾಡಿದ ಒಂದು ಪ್ರವಾಸ’ ಎಂಬ ಪ್ರಬಂಧ ಬರೆಯಲು ಹೇಳಿದ್ದರು. ಅದನ್ನೇ ಓದಿದಳು. ಪ್ರವಾಸವು ಮಾನವನ ಜೀವನದಲ್ಲಿ ಅತ್ಯಂತ ಮಹತ್ವದ ಪಾತ್ರವನ್ನು ವಹಿಸುತ್ತದೆ, ಪ್ರಕೃತಿಯ ರಮಣೀಯ ಸೌಂದರ್ಯವು ಮನಸ್ಸಿಗೆ ಮುದ ನೀಡುತ್ತದೆ, ಹೀಗೆ ಒಂದೂವರೆ ಪುಟ. ಎಲ್ಲೂ ತಡವರಿಸಲಿಲ್ಲ. ನನಗೆ ಹೆಮ್ಮೆಯೇ ಆಯಿತು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಚೆನ್ನಾಗಿದೆ ಕಣೇ. ಆದರೆ ಇದರಲ್ಲಿ ನೀನು ಎಲ್ಲಿದೀಯ?”

ಪುಟ್ಟಿ ತಲೆ ತಗ್ಗಿಸಿದಳು. ಅವರಪ್ಪನ ಫೋನಿಗೆ ವಿಷಯ ಹೇಳಿದ್ದಳಂತೆ, ಅದು ಅರ್ಧ ನಿಮಿಷದಲ್ಲಿ ಬರೆದುಕೊಟ್ಟಿತಂತೆ. “ಎಲ್ಲರೂ ಹಾಗೇ ಮಾಡ್ತಾರೆ ಅಜ್ಜಿ. ನನಗೆ ಬರೆಯೋಕೆ ಬರಲ್ಲ” ಎಂದಳು. ಕೊನೆಯ ಆ ಮಾತು ಹೇಳುವಾಗ ದನಿ ಸಣ್ಣದಾಯಿತು.

ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಬಡಗಿಗೆ ಉಳಿ, ಕೊಡತಿ ಬೇಕು. ಅಕ್ಕಸಾಲಿಗೆ ತಕ್ಕಡಿ, ಇಕ್ಕಳ ಬೇಕು. ಬರೆಯುವ ಮಗುವಿಗೆ ನಾವು ಏನು ಕೊಟ್ಟಿದ್ದೇವೆ? ಒಂದು ಪೆನ್ನು ಕೊಟ್ಟು ‘ಬರೆ’ ಎಂದಿದ್ದೇವೆ ಅಷ್ಟೆ. ನಾನೇನೂ ಸಾಹಿತಿಯಲ್ಲ. ಓದಿದ್ದು ಬಿ.ಕಾಂ., ಮೂವತ್ತಾರು ವರ್ಷ ಮಾಡಿದ್ದು ಬ್ಯಾಂಕಿನ ಗುಮಾಸ್ತಿಕೆ. ಆದರೆ ಯಾವ ಕೆಲಸಕ್ಕೂ ಮೊದಲು ಸಾಮಾನು ಜೋಡಿಸಿಕೊಳ್ಳಬೇಕು ಎನ್ನುವುದು ಗುಮಾಸ್ತನಿಗೂ ಗೊತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೇಳಿದೆ: “ಪುಟ್ಟಿ, ಶನಿವಾರ ನಿನಗೆ ರಜೆ ಇದೆಯಲ್ಲ, ಬೆಂಗಳೂರಿಗೆ ಹೋಗೋಣ. ಬರೆಯೋ ಸಾಮಾನು ತರೋಣ. ಪ್ರವಾಸವೂ ಆಯಿತು, ಪ್ರಬಂಧವೂ ಆಯಿತು.”

ಮೈಸೂರಿನಿಂದ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದೆವು. ಕಿಟಕಿ ಪಕ್ಕದ ಜಾಗ ಪುಟ್ಟಿಗೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿ, ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ರೈಲು ಹೋಗುತ್ತಿತ್ತು. ಅವಳು ಹಳೆಯ ನೋಟ್‌ಬುಕ್ ತೆಗೆದು ಮೊದಲ ವಾಕ್ಯ ಬರೆದು ತೋರಿಸಿದಳು: ‘ನಾವು ಪ್ರಕೃತಿ ಸೌಂದರ್ಯವನ್ನು ಸವಿಯುತ್ತಾ ಪ್ರಯಾಣಿಸಿದೆವು.’

“ಏನು ಸವಿದೆ?” ಎಂದೆ.

“ಅಂದ್ರೆ... ಹಸಿರು.”

“ಹಸಿರು ಬಿಡು. ಈಗ ಕಣ್ಣಿಗೆ ಏನು ಬಿತ್ತು ಹೇಳು.”

ಅವಳು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ದೂರ ಹೋದ ಮೇಲೆ ಹೇಳಿದಳು: “ಒಂದು ಎಮ್ಮೆ ಮೇಲೆ ಬಿಳಿ ಹಕ್ಕಿ ಕೂತಿತ್ತು ತಾತ. ರೈಲು ಕೂಗಿದರೂ ಅದು ಹಾರಲಿಲ್ಲ. ಎಮ್ಮೆ ಬಾಲಾನೂ ಅಲ್ಲಾಡಿಸಲಿಲ್ಲ.”

“ಅದನ್ನೇ ಬರೆ.”

“ಅದನ್ನೆಲ್ಲ ಪ್ರಬಂಧದಲ್ಲಿ ಬರೀಬಹುದಾ?” ಅವಳ ಆಶ್ಚರ್ಯ ನೋಡಿ ನನಗೆ ನಗುವೂ ಬಂತು, ಬೇಸರವೂ ಆಯಿತು. ಕಂಡದ್ದನ್ನು ಬರೆಯಬಾರದು ಎಂದು ಈ ಮಕ್ಕಳಿಗೆ ಯಾರು ಹೇಳಿಕೊಟ್ಟರೋ!

“ಆ ಹಕ್ಕಿ ಹೆಸರು ಬೆಳ್ಳಕ್ಕಿ” ಎಂದೆ.

“ಬಿಳಿ ಅಕ್ಕಿನಾ?”

“ಬಿಳಿ ಹಕ್ಕಿ. ಹಕಾರ ಸವೆದು ಹೋಗಿದೆ. ನೀನು ಹೋದ ವಾರ ‘ಅಕ್ಕಿ ಹಾರಿತು’ ಅಂತ ಬರೆದು ಅಮ್ಮನ ಹತ್ತಿರ ಬೈಸಿಕೊಂಡೆಯಲ್ಲ, ಹಾಗೆ.”

ಎದುರಿನ ಸೀಟಿನಲ್ಲಿ ಕುಳಿತಿದ್ದ ಹೆಂಗಸರೊಬ್ಬರು ನಕ್ಕುಬಿಟ್ಟರು. ಅಷ್ಟರಲ್ಲಿ ಮದ್ದೂರು ಬಂತು, ವಡೆಯೂ ಬಂತು, ಪಾಠ ನಿಂತಿತು.

ಬೆಂಗಳೂರಿನಲ್ಲಿ ರೈಲಿಳಿದು ಮೆಟ್ರೋ ಹತ್ತಿ ಎಂ.ಜಿ. ರಸ್ತೆಗೆ ಹೋದೆವು. ಅಲ್ಲಿಂದ ಮೇಯೋ ಹಾಲ್ ಕಡೆಗೆ ನಡಿಗೆ. ಅಷ್ಟು ದೊಡ್ಡ ಅಂಗಡಿಗಳನ್ನೆಲ್ಲ ಬಿಟ್ಟು ತಾತ ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಪುಟ್ಟಿಗೆ ಗೊಂದಲ. ಮೇಯೋ ಹಾಲ್ ಬಳಿ ಒಂದು ಪ್ರತಿಮೆಯ ಮುಂದೆ ನಿಲ್ಲಿಸಿದೆ.

“ಇವರು ಯಾರು? ಬ್ರಿಟಿಷರಾ?”

“ಅಲ್ಲ, ಜರ್ಮನಿಯವರು. ಫರ್ಡಿನಾಂಡ್ ಕಿಟೆಲ್. ನಮಗೆ ನಿಘಂಟು ಮಾಡಿಕೊಟ್ಟವರು.”

ಮಕ್ಕಳೇ, ಈ ಮನುಷ್ಯನ ಲೆಕ್ಕವನ್ನು ನೀವೇ ಹಾಕಿ ನೋಡಿ. ಹುಟ್ಟಿದ್ದು 1832. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ದೇಶಕ್ಕೆ ಬಂದದ್ದು 1853. ಅಂದರೆ ಇಪ್ಪತ್ತೊಂದರ ಹುಡುಗ. ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894. ಅಷ್ಟು ಹೊತ್ತಿಗೆ ವಯಸ್ಸು ಅರವತ್ತೆರಡು. ಅದರಲ್ಲಿ ಸುಮಾರು 70,000 ಪದಗಳಿವೆ. ಅದಕ್ಕೂ ಮೊದಲು ನಮ್ಮಲ್ಲಿ ನಿಘಂಟು ಇರಲಿಲ್ಲವೆಂದಲ್ಲ. ವಿಲಿಯಂ ರೀವ್ ಎಂಬವರು ಮಾಡಿದ್ದ ನಿಘಂಟು ಇತ್ತು. ಅದು ಹೊರಬಂದದ್ದು ಕಿಟೆಲ್ ಹುಟ್ಟಿದ ವರ್ಷವೇ. ಆದರೆ ಕಿಟೆಲ್ ಹಳೆಯ ಕಾವ್ಯ, ವ್ಯಾಕರಣ ಗ್ರಂಥಗಳನ್ನು ಶೋಧಿಸಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಪುಸ್ತಕದ ಮಾತಿನ ಜೊತೆಗೆ ಜನರ ಬಾಯಲ್ಲಿದ್ದ ಗಾದೆಗಳನ್ನೂ ನಿಘಂಟಿಗೆ ಸೇರಿಸಿದರು.

ಪುಟ್ಟಿ ಪ್ರತಿಮೆಯನ್ನು ಒಮ್ಮೆ ಸುತ್ತಿ ಬಂದಳು. “ಬೇರೆ ದೇಶದವರಿಗೆ ಅಷ್ಟೊಂದು ಪದ ಗೊತ್ತಿತ್ತಾ?”

“ಗೊತ್ತಿರಲಿಲ್ಲ. ಅದಕ್ಕೇ ಕೇಳಿದರು, ಕೇಳಿದ್ದನ್ನು ಬರೆದಿಟ್ಟುಕೊಂಡರು. ಗೊತ್ತಿಲ್ಲ ಅಂತ ಒಪ್ಪಿಕೊಂಡವರು ಮಾತ್ರ ನಿಘಂಟು ತೆಗೀತಾರೆ.”

ವಾಪಸು ಮೆಟ್ರೋ ಹಿಡಿದು ವಿಧಾನಸೌಧದ ನಿಲ್ದಾಣದಲ್ಲಿ ಇಳಿದೆವು. ಹತ್ತಿರದಲ್ಲೇ ಜನರಲ್ ಪೋಸ್ಟ್ ಆಫೀಸು. ಅಲ್ಲಿ ಹತ್ತು ಪೋಸ್ಟ್ ಕಾರ್ಡು ಕೊಂಡೆ. ಪುಟ್ಟಿ ಅದುವರೆಗೆ ಪೋಸ್ಟ್ ಕಾರ್ಡು ಮುಟ್ಟಿರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ, “ಇಷ್ಟೇ ಜಾಗನಾ?” ಎಂದಳು.

ಇಷ್ಟೇ ಜಾಗ. ಅದೇ ಅದರ ಗುಣ. ನಮ್ಮ ಕಾಲದಲ್ಲಿ ಹೆರಿಗೆಯ ಸುದ್ದಿ, ಮಳೆಯ ಸುದ್ದಿ, ಹಸು ಕರು ಹಾಕಿದ ಸುದ್ದಿ, ದುಡ್ಡು ಕಳಿಸಿ ಎನ್ನುವ ಬೇಡಿಕೆ ಎಲ್ಲವೂ ಈ ಅಂಗೈಯಗಲದಲ್ಲಿ ಹಿಡಿಯುತ್ತಿತ್ತು. ಜಾಗ ಕಡಿಮೆ ಇದ್ದರೆ ‘ಅತ್ಯಂತ’, ‘ಮಹತ್ವದ’ ಎಂಬ ಮಾತುಗಳು ತಾವಾಗಿಯೇ ಕೆಳಗಿಳಿಯುತ್ತವೆ, ನೂಕುನುಗ್ಗಲಿನ ಬಸ್ಸಿನಿಂದ ಟಿಕೆಟ್ ಇಲ್ಲದವರು ಇಳಿದ ಹಾಗೆ. ಅಲ್ಲೇ ಬೆಂಚಿನ ಮೇಲೆ ಕೂತು ಅಜ್ಜಿಗೆ ಒಂದು ಕಾರ್ಡು ಬರೆಯಲು ಹೇಳಿದೆ. ಏನು ಬರೆದಳೋ ನನಗೆ ತೋರಿಸಲಿಲ್ಲ. ವಿಳಾಸಕ್ಕೆ ಪಿನ್ ಕೋಡ್ ಮಾತ್ರ ಕೇಳಿ ಹಾಕಿ, ಡಬ್ಬಿಗೆ ತಾನೇ ಹಾಕಿದಳು.

ವಿಧಾನಸೌಧದ ಎದುರಿಗೆ ಹೈಕೋರ್ಟು, ನಮ್ಮ ಹಳಬರ ಬಾಯಲ್ಲಿ ಅಠಾರಾ ಕಚೇರಿ. ಅದರ ಹಿಂದೆ ಕಬ್ಬನ್ ಪಾರ್ಕು. ಮರಗಳ ನಡುವೆ ಕೆಂಪು ಬಣ್ಣದ ದೊಡ್ಡ ಕಟ್ಟಡ ಕಾಣುತ್ತದೆ. ಅದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಈಗ ರಾಜ್ಯ ಕೇಂದ್ರ ಗ್ರಂಥಾಲಯ. ಮೈಸೂರು ಸಂಸ್ಥಾನದಲ್ಲಿ 1883ರಿಂದ 1901ರವರೆಗೆ ದಿವಾನರಾಗಿದ್ದವರ ಹೆಸರಿನ ಕಟ್ಟಡ. ನೂರು ವರ್ಷ ದಾಟಿದೆ. ಒಳಗೆ ಕಾಲಿಟ್ಟರೆ ಹೊರಗಿನ ವಾಹನಗಳ ಸದ್ದು ಕಡಿಮೆಯಾಗುತ್ತದೆ. ಹಳೆಯ ಕಾಗದದ ವಾಸನೆ ಮೂಗಿಗೆ ಬಂತು. ಪುಟ್ಟಿ ಮೂಗು ಮುಚ್ಚಿಕೊಂಡಳು. ನಾನು ಇನ್ನಷ್ಟು ಎಳೆದುಕೊಂಡೆ.

ಮೇಜುಗಳ ಮುಂದೆ ನನ್ನ ವಯಸ್ಸಿನವರು ದಿನಪತ್ರಿಕೆ ಓದುತ್ತಿದ್ದರು. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ದಪ್ಪ ಪುಸ್ತಕಗಳಲ್ಲಿ ಮುಳುಗಿದ್ದರು. ನಾವಿಬ್ಬರೂ ಒಂದು ಕಥೆಯ ಪುಸ್ತಕ ಹಿಡಿದು ಮುಕ್ಕಾಲು ಗಂಟೆ ಕೂತೆವು. ಬರೆಯುವುದನ್ನು ಕಲಿಯುವ ಎಲ್ಲ ಸಾಮಾನುಗಳಲ್ಲಿ ಇದು ಹಳೆಯದು, ಅಗ್ಗದ್ದೂ ಹೌದು. ನಮ್ಮ ರಾಜ್ಯದಲ್ಲಿ 1965ರಿಂದಲೂ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಇದೆ. ಬಹಳಷ್ಟು ಪಟ್ಟಣಗಳಲ್ಲಿ ಶಾಖೆಗಳಿವೆ. ನಿಮ್ಮ ಊರಿನದು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ತಾತನನ್ನು ಕೇಳಿ. ತಾತನಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೈ ಹಿಡಿದುಕೊಂಡು ಹುಡುಕಿ. ಓದುವಾಗ ಪುಟ್ಟಿಗೆ ಒಂದೇ ಕೆಲಸ ಕೊಟ್ಟಿದ್ದೆ: ‘ಈ ಕಥೆ ಬರೆದವರು ಮೊದಲ ವಾಕ್ಯದಲ್ಲಿ ಏನು ಮಾಡಿದ್ದಾರೆ ನೋಡು.’ ಅವಳು ಮೂರು ಕಥೆಗಳ ಮೊದಲ ವಾಕ್ಯ ನೋಡಿ ಬಂದು ಕಿವಿಯಲ್ಲಿ ಹೇಳಿದಳು: “ಯಾರೂ ‘ಮಾನವನ ಜೀವನದಲ್ಲಿ’ ಅಂತ ಶುರು ಮಾಡಿಲ್ಲ ತಾತ.”

ಊಟ ಮುಗಿಸಿ ಆಟೋದಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ಲಿಗೆ ಬಂದು ಅವೆನ್ಯೂ ರಸ್ತೆಗೆ ಇಳಿದೆವು. ಹೆಸರು ಅವೆನ್ಯೂ, ನಡೆಯಲು ಮಾತ್ರ ಭುಜ ಓರೆ ಮಾಡಿಕೊಳ್ಳಬೇಕು. ಒಂದು ಕಡೆ ಹಳೆಯ ಪಠ್ಯಪುಸ್ತಕಗಳ ರಾಶಿ, ಇನ್ನೊಂದು ಕಡೆ ಲಗ್ನಪತ್ರಿಕೆಯ ಅಂಗಡಿ, ಮತ್ತೆ ಕಾಗದ, ಫೈಲು, ಲೆಕ್ಕದ ಪುಸ್ತಕ. ರಸ್ತೆಗೆ ಅಡ್ಡವಾಗಿ ಯಾರದೋ ಹುಟ್ಟುಹಬ್ಬದ ಬ್ಯಾನರ್ ಕಟ್ಟಿದ್ದರು. ‘ಹಾರ್ದಿಕ ಶುಭಾಷಯಗಳು’ ಎಂದು ದೊಡ್ಡ ಅಕ್ಷರದಲ್ಲಿತ್ತು.

“ಇದರಲ್ಲಿ ಒಂದು ತಪ್ಪಿದೆ, ಹಿಡಿ ನೋಡೋಣ” ಎಂದೆ. ಅವಳಿಗೆ ಗೊತ್ತಾಗಲಿಲ್ಲ. ಉತ್ತರ ಸಂಜೆಗೆ ಸಿಗುತ್ತದೆ ಎಂದೆ.

ಫುಟ್‌ಪಾತಿನ ಹಳೆಯ ಪುಸ್ತಕದವರೊಬ್ಬರು ನಮ್ಮನ್ನು ಕೂಗಿ ಕರೆದರು. “ಬನ್ನಿ ಯಜಮಾನ್ರೇ, ಇನ್ನೂ ಬೋಣಿನೇ ಆಗಿಲ್ಲ.” ಪುಟ್ಟಿ ನನ್ನ ಶರಟು ಜಗ್ಗಿದಳು: “ಬೋಣಿ ಅಂದ್ರೆ?” ದಿನದ ಮೊದಲ ವ್ಯಾಪಾರ ಎಂದು ನಾನು ಹೇಳುವ ಮೊದಲೇ ಅವರೇ ವಿವರಿಸಿದರು. ಬೋಣಿ ಚೆನ್ನಾಗಿ ಆದರೆ ದಿನವೆಲ್ಲ ಚೆನ್ನಾಗಿರುತ್ತದೆ ಎಂಬ ನಂಬಿಕೆಯನ್ನೂ ಸೇರಿಸಿದರು. ಅವರ ರಾಶಿಯಲ್ಲಿ ನನಗೆ ಬೇಕಾದ ಪುಸ್ತಕ ಸಿಕ್ಕಿತು: ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’. ಬೈಂಡು ಸಡಿಲವಾಗಿತ್ತು, ಮೂಲೆಗಳು ಮಡಿಸಿದ್ದವು, ಯಾವ ಕಾಲದ ವಿದ್ಯಾರ್ಥಿಯೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಅರವತ್ತು ರೂಪಾಯಿ ಎಂದರು. ಬೋಣಿಗೆ ಚೌಕಾಸಿ ಮಾಡಲು ಮನಸ್ಸಾಗಲಿಲ್ಲ. ಸಂಧಿ, ಸಮಾಸ, ವಿಭಕ್ತಿ ಎಂದರೆ ಮಕ್ಕಳಿಗೆ ಜ್ವರ ಬರುತ್ತದೆ, ನಿಜ. ಆದರೆ ಸೈಕಲ್ಲಿನ ಚೈನು ಕಳಚಿದಾಗ ಹಾಕಿಕೊಳ್ಳಲು ಎಷ್ಟು ಗೊತ್ತಿರಬೇಕೋ ಅಷ್ಟು ವ್ಯಾಕರಣ ಗೊತ್ತಿದ್ದರೆ ಸಾಕು.

ಮುಂದಿನ ಅಂಗಡಿಯಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಕೊಂಡೆ. ಕೆಂಪು ರಟ್ಟು. ಪ್ರತಿ ಪುಟದಲ್ಲೂ ಎಡಕ್ಕೊಂದು, ಬಲಕ್ಕೊಂದು ಕಾಲಂ. ಎಡಗಡೆ ‘ಜಮಾ’, ಬಲಗಡೆ ‘ಖರ್ಚು’ ಎಂದು ಬರೆದುಕೊಟ್ಟೆ.

“ಇದು ನಿನ್ನ ಪದಗಳ ಖಾತೆ. ಇವತ್ತು ಕಿವಿಗೆ ಬಿದ್ದ ಹೊಸ ಪದ ಜಮಾ ಕಡೆಗೆ. ಬರೆದ ಮೇಲೆ ಬೇಡ ಅಂತ ಹೊಡೆದು ಹಾಕಿದ ಪದ ಖರ್ಚಿನ ಕಡೆಗೆ.”

“ಖರ್ಚು ಜಾಸ್ತಿ ಆದರೆ ನಷ್ಟ ಅಲ್ವಾ?”

“ಬ್ಯಾಂಕಿನಲ್ಲಿ ನಷ್ಟ. ಬರವಣಿಗೆಯಲ್ಲಿ ಲಾಭ.”

ಅಂಗಡಿಯ ಕಟ್ಟೆಯ ಮೇಲೇ ಕೂತು ಅವಳು ಜಮಾ ಬರೆದಳು: ಬೆಳ್ಳಕ್ಕಿ, ಬೋಣಿ, ಬೈಂಡು, ಚೌಕಾಸಿ. ಖರ್ಚು: ರಮಣೀಯ, ಅತ್ಯಂತ, ಮುದ ನೀಡುತ್ತದೆ.

ಅಲ್ಲಿಂದ ಆಟೋದಲ್ಲಿ ಚಾಮರಾಜಪೇಟೆ. ಪಂಪ ಮಹಾಕವಿ ರಸ್ತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. 1915ರ ಮೇ 5ರಂದು ಹುಟ್ಟಿದ ಸಂಸ್ಥೆ. ಎಚ್.ವಿ. ನಂಜುಂಡಯ್ಯನವರು ಮೊದಲ ಅಧ್ಯಕ್ಷರು. ನಾನು ಮೊಮ್ಮಗಳಿಗೆ ತೋರಿಸಬೇಕೆಂದಿದ್ದದ್ದು ಪರಿಷತ್ತಿನ ದೊಡ್ಡ ನಿಘಂಟು. ಎಂಟು ಸಂಪುಟ. ಮೊದಲನೆಯದು 1970ರಲ್ಲಿ, ಎಂಟನೆಯದು 1995ರಲ್ಲಿ ಹೊರಬಂತು. ಒಂದು ಪದ ಶಾಸನದಲ್ಲಿ ಹೇಗಿತ್ತು, ಕಾವ್ಯದಲ್ಲಿ ಹೇಗೆ ಬಂತು ಎಂದು ಉದಾಹರಣೆ ಕೊಟ್ಟು ಹೇಳುವ ನಿಘಂಟು ಅದು. ಅದರ ಹಿಂದೆ ದುಡಿದ ಹಲವರಲ್ಲಿ ದೊಡ್ಡ ಹೆಸರು ಜಿ. ವೆಂಕಟಸುಬ್ಬಯ್ಯನವರದು. 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದ್ದ ಹಿರಿಯರು. ‘ಪ್ರಜಾವಾಣಿ’ಯಲ್ಲಿ ಅವರು ಬರೆಯುತ್ತಿದ್ದ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಪದಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಇರುತ್ತಿತ್ತು. ನನ್ನ ಹೆಂಡತಿ ಅದನ್ನು ಕತ್ತರಿಯಿಂದ ಕತ್ತರಿಸಿ, ಅನ್ನದ ಅಗುಳಿನಿಂದ ಅಂಟಿಸಿ ಒಂದು ಫೈಲು ಮಾಡಿದ್ದಳು. ಅದು ಈಗಲೂ ಅಟ್ಟದ ಮೇಲಿದೆ.

ಸಂಪುಟ ಎತ್ತಲು ಪುಟ್ಟಿಗೆ ಎರಡೂ ಕೈ ಬೇಕಾಯಿತು. ‘ಹೋದಳು’ ಹುಡುಕು ಎಂದೆ. ಎಷ್ಟು ಹುಡುಕಿದರೂ ಸಿಗಲಿಲ್ಲ. ಹೇಗೆ ಸಿಗುತ್ತದೆ? ನಿಘಂಟಿನಲ್ಲಿ ಇರುವುದು ‘ಹೋಗು’. ‘ಬಂದನು’ ಬೇಕಾದರೆ ‘ಬರು’ ನೋಡಬೇಕು. ‘ಮರದಲ್ಲಿ’ ಬೇಕಾದರೆ ‘ಮರ’. ತೊಟ್ಟ ಅಂಗಿ, ಟೋಪಿ ತೆಗೆದು ಪದದ ಮೂಲ ಮುಖ ನೋಡಬೇಕು. ಆಮೇಲೆ ಕಾಗುಣಿತದ ಸಾಲಿನಲ್ಲೇ ಹುಡುಕುತ್ತಾ ಹೋದರೆ ಸಿಕ್ಕೇ ಸಿಗುತ್ತದೆ. ಈ ಗುಟ್ಟು ತಿಳಿಯದೆ ಎಷ್ಟೋ ಮಕ್ಕಳು ನಿಘಂಟಿನ ಮೇಲೆ ಕೋಪ ಮಾಡಿಕೊಂಡು ಮುಚ್ಚಿಡುತ್ತಾರೆ.

“ಈಗ ‘ಆಶಯ’ ನೋಡು.”

ನೋಡಿದಳು. ಅಭಿಪ್ರಾಯ, ಮನಸ್ಸಿನ ಇಚ್ಛೆ. ತುಟಿಯಲ್ಲೇ ಕೂಡಿಸಿದಳು: ಶುಭ, ಆಶಯ, ಶುಭಾಶಯ. ತಟ್ಟನೆ ತಲೆ ಎತ್ತಿದಳು. “ತಾತ! ಬ್ಯಾನರಿನಲ್ಲಿ ಷಟ್ಕೋಣದ ಷ ಹಾಕಿದ್ದರು! ಶಂಖದ ಶ ಬರಬೇಕಿತ್ತು!” ಸುತ್ತಲಿದ್ದವರು ತಿರುಗಿ ನೋಡಿದರು. ಯಾರೂ ಗದರಲಿಲ್ಲ. ಅಂಥ ಸಂತೋಷಕ್ಕೆ ಆ ಜಾಗದಲ್ಲಿ ಗದರುವವರು ಯಾರು?

ಮನೆಗೆಂದು ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ ಕೊಂಡು ಸಂಜೆಯ ರೈಲು ಹಿಡಿದೆವು. ರೈಲಿನಲ್ಲಿ ಪಾಠ ಮಾಡುವ ಸರದಿ ಪುಟ್ಟಿಯದಾಯಿತು. ನನ್ನ ಫೋನು ಕಿತ್ತುಕೊಂಡು, “ತಾತ, ಇದರಲ್ಲೂ ನಿಘಂಟು ಇದೆ” ಎಂದು ‘ಅಲರ್’ ತೆರೆದು ತೋರಿಸಿದಳು. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕೂತು ಸಂಗ್ರಹಿಸಿದ ಕನ್ನಡ–ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ, ನೋಡಲು ದುಡ್ಡಿಲ್ಲ. ನಮ್ಮ ಮೈಸೂರಿನಲ್ಲೇ ಇರುವ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಬೇರೆ ಬೇರೆ ಭಾಷೆಗಳ ನಿಘಂಟುಗಳು ಒಂದೇ ಕಡೆ ಸಿಗುತ್ತವೆ. ಇಷ್ಟು ವರ್ಷ ಮನೆಯ ಪಕ್ಕದಲ್ಲಿದ್ದ ಬಾವಿಯನ್ನು ಮೊಮ್ಮಗಳು ತೋರಿಸಿದಂತಾಯಿತು.

“ಹಾಗಾದ್ರೆ ಫೋನ್ ಪರವಾಗಿಲ್ವಾ?” ಎಂದು ಕೆಣಕಿದಳು.

“ಈ ಪದದ ಅರ್ಥ ಹೇಳು ಅಂತ ಕೇಳಿದರೆ ಅದು ನಿನ್ನ ಮೇಷ್ಟ್ರು. ನನ್ನ ಪ್ರಬಂಧ ಬರೆದುಕೊಡು ಅಂದರೆ ಅದು ನಿನ್ನ ಬದಲಿಗೆ ಊಟ ಮಾಡೋ ನೆಂಟ. ಹೊಟ್ಟೆ ತುಂಬೋದು ಅವನದು.”

ರಾಮನಗರದ ಬಂಡೆಗಳು ಕತ್ತಲೆಯಲ್ಲಿ ಹಿಂದೆ ಸರಿದವು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ತಾತ, ನೀವು ಏನೇ ಬರೆದರೂ ಯಾಕೆ ಗಟ್ಟಿಯಾಗಿ ಓದ್ತೀರ? ಕರೆಂಟಿನವರಿಗೆ ಬರೆದ ಅರ್ಜಿನೂ ಓದ್ತೀರ. ಅಮ್ಮ ನಗ್ತಾರೆ.”

ಈ ಪ್ರಶ್ನೆಗೆ ಉತ್ತರವನ್ನು ನಾನು ಹೆಂಡತಿಯೊಬ್ಬಳಿಗೆ ಮಾತ್ರ ಹೇಳಿದ್ದೆ. ಅವತ್ತು ಪುಟ್ಟಿಗೂ ಹೇಳಿದೆ.

ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಮಲೆನಾಡಿನ ಒಂದು ಸಣ್ಣ ಶಾಖೆ. ಅವಧಿ ಮುಗಿದ ಠೇವಣಿದಾರರಿಗೆ ಕನ್ನಡದಲ್ಲಿ ಪತ್ರ ಬರೆಯುವ ಕೆಲಸ ನನ್ನದು. ಒಂದು ಸಂಜೆ ಬಸ್ಸು ಹಿಡಿಯುವ ಅವಸರದಲ್ಲಿ ಹದಿನೈದು ಇಪ್ಪತ್ತು ಪತ್ರ ಬರೆದು ಮುಗಿಸಿದೆ. ಅದರಲ್ಲೊಂದು, ಗಂಡ ತೀರಿಹೋದ ಒಬ್ಬ ತಾಯಿಗೆ. ‘ತಮ್ಮ ಠೇವಣಿಯ ಅವಧಿಯು ಮುಗಿದಿರುತ್ತದೆ’ ಎಂದು ಬರೆಯಬೇಕಿತ್ತು. ಅವಸರದಲ್ಲಿ ಬರೆದದ್ದು ‘ತಮ್ಮ ಠೇವಣಿಯು ಮುಗಿದಿರುತ್ತದೆ’. ಅಷ್ಟೇ. ಒಂದು ಪದ ಬಿಟ್ಟುಹೋಗಿತ್ತು.

ಎರಡು ದಿನದ ಮೇಲೆ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಆಕೆ ಮೆಟ್ಟಿಲ ಮೇಲೆ ಕೂತಿದ್ದರು. ಆರು ಮೈಲಿ ನಡೆದು ಬಂದಿದ್ದರು. ಕಾಗದ ಸೆರಗಿನ ಗಂಟಿನಲ್ಲಿತ್ತು. ಊರಿನ ಯಾರೋ ಓದಿ ಹೇಳಿದ್ದರು, ಇದ್ದದ್ದನ್ನು ಇದ್ದ ಹಾಗೇ. ಆಕೆ ಜಗಳ ಮಾಡಲಿಲ್ಲ. ಕೌಂಟರಿನ ಮುಂದೆ ನಿಂತು ಕೇಳಿದ್ದು ಇಷ್ಟೇ: “ಸ್ವಾಮಿ, ನಾನು ಒಂದು ಸಲನೂ ತೆಗೀಲಿಲ್ಲವಲ್ಲ, ಅದು ಹೆಂಗೆ ಮುಗೀತು?”

ಮಗಳ ಮದುವೆಗೆಂದು ಇಟ್ಟ ಮೂರು ಸಾವಿರ ರೂಪಾಯಿ. ಹಿಂದಿನ ರಾತ್ರಿ ಮನೆಯಲ್ಲಿ ಒಲೆ ಹಚ್ಚಿರಲಿಲ್ಲವಂತೆ.

ನಾನು ಬೆವತುಹೋದೆ. ಲೆಡ್ಜರ್ ತೆಗೆದು ಬಡ್ಡಿ ಸಮೇತ ಲೆಕ್ಕ ತೋರಿಸಿದೆ, ತಪ್ಪು ನನ್ನದೆಂದು ಹೇಳಿದೆ. ಮತ್ತೆ ಠೇವಣಿ ಇಡಿ ಎಂದಾಗ ಆಕೆ ತಲೆ ಅಲ್ಲಾಡಿಸಿದರು. ಅಷ್ಟನ್ನೂ ಎಣಿಸಿ, ಸೆರಗಿಗೆ ಕಟ್ಟಿಕೊಂಡು ಹೊರಟರು. ನಾನು ಆ ಶಾಖೆಯಲ್ಲಿ ಇರುವವರೆಗೂ ಆಕೆ ಮತ್ತೆ ಬರಲಿಲ್ಲ.

ನಮ್ಮ ಮ್ಯಾನೇಜರ್ ನನ್ನನ್ನು ಬೈಯಲಿಲ್ಲ. ಪತ್ರದ ನಕಲು ಕೈಗೆ ಕೊಟ್ಟು, “ಗಟ್ಟಿಯಾಗಿ ಓದಿ” ಎಂದರು. ಓದಿದೆ. “ಇನ್ನೊಮ್ಮೆ.” ಓದಿದೆ. ಮೂರನೆಯ ಸಲಕ್ಕೆ ಆ ತಾಯಿಗೆ ಕೇಳಿಸಿದಂತೆ ನನಗೂ ಕೇಳಿಸಿತು. ಕಣ್ಣು ತಾನು ಬರೆದದ್ದನ್ನು ಬಿಟ್ಟು, ಬರೆಯಬೇಕೆಂದಿದ್ದದ್ದನ್ನು ಓದುತ್ತದೆ. ಕಿವಿಗೆ ಆ ದಾಕ್ಷಿಣ್ಯ ಇಲ್ಲ.

ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವರ ಮಗಳ ಮದುವೆ ಆಯ್ತಾ?” ಎಂದು ಕೇಳಿದಳು. ಅದು ನನಗೂ ಗೊತ್ತಿಲ್ಲ. ಸುಮಾರು ಐವತ್ತು ವರ್ಷದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಭಾನುವಾರ ಇಡೀ ದಿನ ಅವಳು ಬರೆದಳು. ರಾತ್ರಿ ಊಟವಾದ ಮೇಲೆ ಅಜ್ಜಿಯ ಮುಂದೆ ಕೂತು ಗಟ್ಟಿಯಾಗಿ ಓದಿದಳು. ಎಮ್ಮೆಯಿಂದಲೇ ಶುರುವಾಗಿತ್ತು. ಓದುತ್ತಾ ಓದುತ್ತಾ ತಾನೇ ಎರಡು ಕಡೆ ನಿಂತು, ಪೆನ್ಸಿಲಿನಿಂದ ಹೊಡೆದು ಹಾಕಿದಳು. ಮಧ್ಯೆ ಅಜ್ಜಿ ತಡೆದು, “ಪ್ರತಿಮೆ ನೋಡಿದೆವು ಅಂದೆಯಲ್ಲ, ಬಿಸಿಲಿತ್ತಾ, ನೆರಳಿತ್ತಾ? ನನಗೆ ಕಾಣಿಸಲಿಲ್ಲ” ಎಂದಳು. ಪುಟ್ಟಿ ಯೋಚಿಸಿ, “ಬಿಸಿಲು. ತಾತನ ಬೋಳುತಲೆ ಹೊಳೀತಿತ್ತು” ಎಂದಳು. ಅದನ್ನೂ ಸೇರಿಸಿದಳು. ನಾನು ಆಕ್ಷೇಪಿಸಲಿಲ್ಲ.

ಮಂಗಳವಾರ ಪೋಸ್ಟ್ ಕಾರ್ಡು ಬಂತು. ಬರೆದವಳೇ ಓದಿ ಹೇಳಬೇಕಾಯಿತು: ‘ಅಜ್ಜಿ, ನಾನು ಬೆಂಗಳೂರಿನ ಪೋಸ್ಟ್ ಆಫೀಸಿನ ಬೆಂಚಿನಲ್ಲಿ ಕೂತಿದ್ದೇನೆ. ನನ್ನ ಕಾಲು ನೆಲಕ್ಕೆ ತಾಗುತ್ತಿಲ್ಲ. ಈ ಸಲ ಇದರಲ್ಲಿ ನಾನಿದ್ದೇನೆ.’ ಅಜ್ಜಿ ಕಾರ್ಡನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು, ಬೆರಳಿನಿಂದ ಸವರಿ, ಕನ್ನಡಕದ ಡಬ್ಬಿಯಲ್ಲಿ ಮಡಿಸದೆ ಇಡಲು ನೋಡಿದಳು. ಹಿಡಿಯಲಿಲ್ಲ. ಈಗ ಅದು ದೇವರ ಗೂಡಿನಲ್ಲಿದೆ.

ಪ್ರಬಂಧಕ್ಕೆ ಹತ್ತಕ್ಕೆ ಏಳು ಅಂಕ ಬಂತು. ಮೂರು ಕಾಗುಣಿತದ ತಪ್ಪು. ಪಕ್ಕದ ಹುಡುಗಿಗೆ ಒಂಬತ್ತು ಬಂದಿತ್ತಂತೆ, ಅದು ಫೋನು ಬರೆದದ್ದಂತೆ. ಪುಟ್ಟಿಗೆ ಬೇಜಾರಾಗಲಿಲ್ಲ ಎಂದು ನಾನು ಸುಳ್ಳು ಬರೆಯುವುದಿಲ್ಲ. ಬ್ಯಾಗು ಎಸೆದು ಮುಖ ಊದಿಸಿಕೊಂಡು ಕೂತಳು. ಆದರೆ ರಾತ್ರಿ ಅಜ್ಜಿ, “ಆ ಬೆಂಗಳೂರಿಂದು ಇನ್ನೊಂದು ಸಲ ಓದೇ” ಎಂದಾಗ ಎದ್ದು ಬಂದು ಓದಿದಳು. ಓದುವ ಮೊದಲು ಕೆಂಪು ರಟ್ಟಿನ ಪುಸ್ತಕ ತೆಗೆದು ಆ ಮೂರು ತಪ್ಪುಗಳ ಸರಿಯಾದ ರೂಪವನ್ನು ನಿಘಂಟು ನೋಡಿ ಜಮಾ ಕಡೆಗೆ ಬರೆದಳು. ನಾನು ಹೇಳಿರಲಿಲ್ಲ.

ನನ್ನ ವಯಸ್ಸಿನ ಓದುಗರಲ್ಲಿ ಒಂದು ಮಾತು. ಮೊಮ್ಮಕ್ಕಳಿಗೆ ಕೊಡಲು ನಮ್ಮ ಹತ್ತಿರ ಬಿಡುವಿದೆ, ಕಿವಿಯಿದೆ. ಅವರು ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿ, ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಿ. ಮಕ್ಕಳೇ, ನಿಮಗೆ ಹೇಳುವುದು ಇನ್ನೂ ಸಣ್ಣದು. ಒಂದು ನಿಘಂಟು, ಒಂದು ಜಮಾ-ಖರ್ಚಿನ ಪುಸ್ತಕ, ಒಂದು ಗ್ರಂಥಾಲಯ, ಒಂದು ಪೋಸ್ಟ್ ಕಾರ್ಡು ಇಷ್ಟು ಸಾಮಾನು ಸಾಕು. ಕಾರ್ಡನ್ನು ಇವತ್ತೇ ಬರೆಯಿರಿ. ಡಬ್ಬಿಗೆ ಹಾಕುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ.